ಗೌರಮ್ಮ ಟೀಚರ್ ಕೇಳಿಸಿಕೊಂಡ ಎರಡು ಮಾತು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾರಾದರೂ ಊಟದ ಹೊತ್ತಿನಲ್ಲಿ, ಸತ್ತುಹೋದ ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು ಎಂದು ಶುರು ಮಾಡಿದರೆ ಸಾಕು, ಚಪ್ಪಲಿ ಹಾಕಿದ್ದರಾ, ಯಾವ ಬ್ರಾಂಡು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ನಾನು ಓದಿದ್ದು ರಸಾಯನಶಾಸ್ತ್ರ. ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದು ಪೇಂಟ್ ಕಾರ್ಖಾನೆಗಳ ಲ್ಯಾಬಿನಲ್ಲಿ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಬಣ್ಣಗಳಲ್ಲಿ ವ್ಯತ್ಯಾಸ ಎಷ್ಟಿದೆ ಎಂದು ಅಳೆದು ಹೇಳುವುದು ನನ್ನ ಹೊಟ್ಟೆಪಾಡು. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಈಗಲೂ ಇಲ್ಲ ಎಂದೇ ಹೇಳಿಕೊಳ್ಳುತ್ತೇನೆ, ಆದರೆ ಮೊದಲಿನಷ್ಟು ಗಟ್ಟಿ ದನಿಯಲ್ಲಿ ಅಲ್ಲ.

ನನ್ನ ಬಗ್ಗೆ ಇನ್ನೊಂದು ವಿಷಯ ನಿಮಗೆ ತಿಳಿದಿರಬೇಕು. ನಾನು ಮಂಡ್ಯದ ಕಡೆಯವನು. ನಮ್ಮ ಕಡೆ ಹಕಾರಕ್ಕೆ ಅಷ್ಟು ಮರ್ಯಾದೆ ಇಲ್ಲ. ಹಾಲು ನಮ್ಮ ಬಾಯಲ್ಲಿ ಆಲು, ಹೋಗು ಎನ್ನುವುದು ಓಗು. ಮೈಸೂರಿನ ಕಾಲೇಜಿಗೆ ಸೇರಿದ ಮೊದಲ ವರ್ಷ ಹಾಸ್ಟೆಲಿನ ಹುಡುಗರು ‘ಆಸನಕ್ಕೆ ಓಗಿ ಆಸನದ ಮ್ಯಾಲೆ ಕೂತ್ಕಳಯ್ಯ’ ಎಂದು ಗೇಲಿ ಮಾಡಿ ನನ್ನನ್ನು ಅಳಿಸಿದ್ದರು. ಹಟ ಹಿಡಿದು ನಾಲಿಗೆ ತಿದ್ದಿಕೊಂಡೆ. ಅದರಿಂದ ಒಂದು ಕೆಟ್ಟ ಚಾಳಿಯೂ ಅಂಟಿಕೊಂಡಿತು. ಯಾರ ಮಾತಿನಲ್ಲಿ ಯಾವ ಅಕ್ಷರ ಬಿದ್ದುಹೋಗಿದೆ ಎಂದು ಹುಡುಕಿ ತೋರಿಸುವುದರಲ್ಲಿ ನನಗೆ ವಿಪರೀತ ಖುಷಿ.

ನೈರೋಬಿಗೆ ಬಂದು ಮೂರು ವರ್ಷವಾಗಿತ್ತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಗುಜರಾತಿಯೊಬ್ಬರ ಪೇಂಟ್ ಕಾರ್ಖಾನೆಯಲ್ಲಿ ಕೆಲಸ, ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಬಾಡಿಗೆ ಫ್ಲ್ಯಾಟು. ಗೌರಮ್ಮ ಟೀಚರ್ ನಮ್ಮಿಂದ ಎರಡು ರಸ್ತೆ ಆಚೆ ಇದ್ದರು. ಎಪ್ಪತ್ತೆರಡು ವರ್ಷ, ಮದುವೆಯಾದವರಲ್ಲ, ಇಲ್ಲಿನ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದವರು. ಮನೆಯಲ್ಲಿ ಅವರು ಮತ್ತು ಅವರನ್ನು ನೋಡಿಕೊಳ್ಳುತ್ತಿದ್ದ ವಾಂಜಿರು, ಇಬ್ಬರೇ. ಶನಿವಾರ ಬೆಳಿಗ್ಗೆ ಕನ್ನಡದವರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಆ ಮಕ್ಕಳಿಂದ ‘ಹ’ ಹೇಳಿಸುವುದೆಂದರೆ ಅವರಿಗೆ ಪ್ರತಿಷ್ಠೆಯ ವಿಷಯ. ಹ ಅಂದರೆ ಹೊಟ್ಟೆಯಿಂದ ಬರಬೇಕು ಎನ್ನುತ್ತಿದ್ದರು. ಮಗಳ ಜೊತೆ ಅಲ್ಲಿಗೆ ಹೋದಾಗಲೆಲ್ಲ ನಾನೂ ನೆಟ್ಟಗೆ ಮಾತಾಡುತ್ತಿದ್ದೆ.

ಎರಡು ಸಾವಿರದ ನಾಲ್ಕನೇ ಇಸವಿ, ಆಗಸ್ಟ್ ಇರಬೇಕು. ನೈರೋಬಿಯಲ್ಲಿ ಅದು ಸ್ವೆಟರ್ ಹಾಕುವ ಕಾಲ. ಮಗಳನ್ನು ಕರೆತರಲು ಹೋದವನನ್ನು ಟೀಚರ್ ಕಾಫಿಗೆ ಕೂರಿಸಿದರು. ನನ್ನ ಕೆಲಸ ಏನೆಂದು ಅವರಿಗೆ ಅಂದೇ ಗೊತ್ತಾದದ್ದು.

“ನಮ್ಮ ಅಪ್ಪನೂ ಬಣ್ಣದವರೇ ಮಾರಾಯ್ರೆ,” ಎಂದರು. “ಮೊಂಬಾಸಾದಲ್ಲಿ ಹಡಗಿಗೆ ಬಣ್ಣ ಹೊಡೀತಿದ್ರು.”

ಟೀಚರ ಮಾತು ಮಂಗಳೂರಿನದು. ಅವರ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದರು. ಅಪ್ಪ ಬೆಳಗಾಗುವ ಮುಂಚೆ ಬಂದರಿಗೆ ಹೋದರೆ ಬರುತ್ತಿದ್ದುದು ರಾತ್ರಿ. ಮಗು ಬೆಳೆದದ್ದು ಪಕ್ಕದ ಮನೆಯ ಮಂಗಳೂರಿನವರ ಕೈಯಲ್ಲಿ, ಅವರ ಮಾತಿನಲ್ಲೇ. ಮುಂದಿನದನ್ನು ಅವರು ಹೇಳಿದಂತೆಯೇ, ಆದರೆ ನನ್ನ ಮಾತಿನಲ್ಲಿ ಹೇಳುತ್ತೇನೆ.

ಎರಡನೇ ಮಹಾಯುದ್ಧ ಇನ್ನೇನು ಶುರುವಾಗಬೇಕು ಎನ್ನುವ ದಿನಗಳು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಬಂದರಿನವರಿಗೆಲ್ಲ ಗೊತ್ತಿತ್ತು. ಯುದ್ಧದ ಹಡಗುಗಳು ಬೈಗಿಗೆ ಬಂದು, ಕಲ್ಲಿದ್ದಲು, ಎಣ್ಣೆ, ನೀರು ತುಂಬಿಸಿಕೊಂಡು, ಬೆಳಗಾಗುವಷ್ಟರಲ್ಲಿ ದೀಪ ಆರಿಸಿಕೊಂಡು ಹೋಗಿಬಿಡುತ್ತಿದ್ದವು. ಪ್ರಯಾಣಿಕರನ್ನು ಹೊತ್ತು ತಿರುಗುತ್ತಿದ್ದ ಬಿಳಿ ಸ್ಟೀಮರುಗಳನ್ನೂ ಬಿಡಲಿಲ್ಲ. ಕ್ರೇನಿನಲ್ಲಿ ಸೋಫಾ, ಪಿಯಾನೊ, ನಿಲುವುಗನ್ನಡಿಗಳು ಇಳಿದವು. ಅದೇ ಕ್ರೇನಿನಲ್ಲಿ ಟಾರ್ಪಾಲು ಸುತ್ತಿದ ಫಿರಂಗಿಗಳು ಏರಿದವು. ನಾಲ್ಕು ದಿನದಲ್ಲಿ ಇಡೀ ಹಡಗಿಗೆ ಬೂದುಬಣ್ಣ ಹೊಡೆಯಬೇಕು. ಒಳಗಿನ ಬೆಳಕು ಹೊರಗೆ ಕಾಣದಂತೆ ಕಿಟಕಿಯ ಗಾಜುಗಳಿಗೂ ಬಣ್ಣ. ಕೊನೆಗೆ ಹಡಗಿನ ಹೆಸರಿಗೂ. ಹೆಸರಿದ್ದ ಜಾಗಕ್ಕೆ ಎರಡು ಕೋಟ್ ಹೆಚ್ಚು ಹೊಡೆಯಬೇಕು, ಇಲ್ಲದಿದ್ದರೆ ಬಿಸಿಲಿಗೆ ಅಕ್ಷರ ಎದ್ದು ಕಾಣುತ್ತದೆ ಎಂದು ಅಪ್ಪ ಹೇಳುತ್ತಿದ್ದರಂತೆ. ಅದು ನಿಜ, ನಮ್ಮ ಕಸುಬಿನವನೇ ಆಡುವ ಮಾತು.

ಏಳು ವರ್ಷದ ಗೌರಿ ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದಳು. ಗೇಟಿನ ಕಾವಲುಗಾರನಿಗೆ ಗೊತ್ತಿದ್ದ ಮಗು, ಬಿಡುತ್ತಿದ್ದ. ಆ ದಿನ ಹೋಗಿ ನೋಡಿದರೆ ಏಣಿ ತೆಗೆದುಬಿಟ್ಟಿದ್ದಾರೆ, ಹಗ್ಗ ಬಿಚ್ಚಿದ್ದಾರೆ, ಹಡಗಿಗೂ ಕಟ್ಟೆಗೂ ನಡುವೆ ನೀರು ಅಗಲವಾಗುತ್ತಿದೆ. ಯಾವುದೋ ಆಜ್ಞೆ ದಿಢೀರನೆ ಬಂದಿರಬೇಕು. ಹಡಗಿನ ಹೊಟ್ಟೆಯೊಳಗೆ ಕೂತು ಗಾಜಿಗೆ ಬಣ್ಣ ಹೊಡೆಯುತ್ತಿದ್ದ ಅಪ್ಪನಿಗೆ ಅದು ತಿಳಿದಿರಲಿಲ್ಲ. ತಿಳಿದು ಮೇಲೆ ಓಡಿ ಬಂದು ಕಟಕಟೆ ಹಿಡಿದು ನಿಂತಿದ್ದರು. ಬಯಲುಸೀಮೆಯ ಮನುಷ್ಯ, ಈಜು ಬಾರದು. ಮಗಳನ್ನು ಕಂಡದ್ದೇ ಒಂದು ಕೈ ಚಾಚಿ ಕೂಗಿದರು. ಅಷ್ಟರಲ್ಲಿ ಹಡಗಿನ ಕೂಗು ಎದ್ದಿತು. ಅದರ ನಡುವೆ ಅವಳಿಗೆ ಕೇಳಿಸಿದ್ದು ಎರಡೇ ಮಾತು. ಒಂದು ‘ಅಡಗು’. ಇನ್ನೊಂದು ‘ಏಳು’.

ಆ ವಾರವೆಲ್ಲ ದೊಡ್ಡವರು ಮಕ್ಕಳಿಗೆ ಒಂದೇ ಪಾಠ ಹೇಳಿಕೊಟ್ಟಿದ್ದರು. ಬಾಂಬು ಬೀಳಬಹುದು, ಅಡಗು ಎಂದ ತಕ್ಷಣ ಅಡಗಬೇಕು. ಅಪ್ಪ ಕೈ ತೋರಿಸಿದ ಕಡೆ ಗೋಣಿಚೀಲಗಳ ಒಟ್ಟಲಿತ್ತು. ಗೌರಿ ಓಡಿಹೋಗಿ ಅದರ ಹಿಂದೆ ಮುದುರಿ ಕೂತಳು. ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು, ಬಂದರಿನಲ್ಲಿ ಏಳು ಗಂಟೆಯ ಸೈರನ್ ಆಗುವವರೆಗೆ ಅಲ್ಲಾಡಲಿಲ್ಲ.

ಅಪ್ಪ ಮತ್ತೆ ಬರಲಿಲ್ಲ. ಹಡಗಿನ ಹೆಸರು ಗುಟ್ಟು, ಹೋದ ದಿಕ್ಕು ಗುಟ್ಟು. ದಿನಗೂಲಿಯವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಹಡಗು ಬಿಟ್ಟ ಸ್ವಲ್ಪ ಹೊತ್ತಿಗೆ ಅದನ್ನು ಬಂದರಿನ ಬಾಯಿಯವರೆಗೆ ಬಿಟ್ಟು ಬರಲು ಒಂದು ಸಣ್ಣ ದೋಣಿ ಕಟ್ಟೆಯಿಂದ ಹೊರಟಿತ್ತು. ಅದರವರು ಮಾರನೆಯ ದಿನ ಪಕ್ಕದ ಮನೆಯವರಿಗೆ ಹೇಳಿದರಂತೆ, ದಡದಲ್ಲಿದ್ದ ಬಣ್ಣದ ಕೆಲಸದ ಮೇಸ್ತ್ರಿ ಒಂದು ಮಾತು ಹೇಳಿ ಕಳಿಸಿದ್ದರೆ ನಾವೇ ಅವನನ್ನು ಇಳಿಸಿಕೊಂಡು ಬರುತ್ತಿದ್ದೆವು ಎಂದು. ಮೇಸ್ತ್ರಿಗೆ ಯಾರೂ ಹೇಳಿರಲಿಲ್ಲ.

“ನಾನು ಎಂತ ಮಾಡ್ಲಿ, ಸಣ್ಣವಳು,” ಎಂದರು ಟೀಚರ್. “ಆದರೆ ಅಪ್ಪನ ಮಾತು ಮೀರಲಿಲ್ಲ ನೋಡಿ. ಅಷ್ಟು ಗಾಬರಿಯಲ್ಲೂ ಅವರಿಗೆ ನನ್ನದೇ ಚಿಂತೆ. ಏಳು ಗಂಟೆಯವರೆಗೆ ಅಡಗು ಅಂದ್ರು, ನಾನು ಉಸಿರು ಬಿಡದೆ ಕೂತೆ.”

ಅವರ ಮುಖದಲ್ಲಿದ್ದುದು ದುಃಖವಲ್ಲ, ಹೆಮ್ಮೆ. ತಬ್ಬಲಿಯಾಗಿ ಬೆಳೆದ ಹೆಂಗಸು ಇಷ್ಟು ವರ್ಷ ಆ ಎರಡು ಮಾತನ್ನು ಹಿಡಿದುಕೊಂಡು ಬದುಕಿದ್ದರು. ಯಾರಿಗಾದರೂ ಅರ್ಥವಾಗಬೇಕಿತ್ತು. ನನ್ನ ತಲೆ ಮಾತ್ರ ಆಗಲೇ ಬೇರೆಲ್ಲೋ ಓಡುತ್ತಿತ್ತು.

“ಟೀಚರ್, ನಿಮ್ಮಪ್ಪ ಯಾವ ಕಡೆಯವ್ರು?”

“ಮಂಡ್ಯದ ಹತ್ರ ಎಂತದೋ ಹಳ್ಳಿಯಂತೆ. ನಾನು ನೋಡಿದ್ದಿಲ್ಲ.”

“ಹಂಗಾದ್ರೆ ಅವ್ರು ಬಚ್ಚಿಟ್ಕೊ ಅಂದೇ ಇಲ್ಲ!” ನಾನು ಕುರ್ಚಿಯ ತುದಿಗೆ ಬಂದಿದ್ದೆ. “ನಮ್ ಕಡೆ ಹಡಗಿಗೆ ಅಡಗು ಅಂತೀವಿ ಟೀಚರ್. ಹೇಳು ಅನ್ನೋಕೆ ಏಳು ಅಂತೀವಿ. ಸಿಂಪಲ್! ಅಡಗು ಒಂಟೋಯ್ತು, ಮೇಸ್ತ್ರಿಗೇಳು ಅಂದಿರ್ತಾರೆ.”

ಹೇಳಿ ಮುಗಿಸಿ, ಶಭಾಷ್ ಎನ್ನುತ್ತಾರೆಂದು ಅವರ ಮುಖ ನೋಡಿದೆ. ನನ್ನ ಮೂರ್ಖತನವನ್ನು ಮುಚ್ಚಿಟ್ಟು ಈ ಕಥೆ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಟೀಚರ್ ಕಾಫಿ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಮನೆಯಲ್ಲಿ ಅಪ್ಪ ಯಾವಾಗಲೂ ಸ್ಟೀಮರ್ ಅಂತಲೇ ಹೇಳ್ತಿದ್ರು ಎಂದರು. ಹೌದು, ಬಂದರಿನಲ್ಲಿ ದುಡಿಯುವವರೆಲ್ಲ ಹಾಗೇ ಹೇಳುವುದು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಊರಿನ ಮಾತು. ಹೇಳು ಎನ್ನಲು ಅಪ್ಪ ಏಳು ಎನ್ನುವುದನ್ನು ಮಗು ಮನೆಯಲ್ಲಿ ದಿನವೂ ಕೇಳಿದ್ದೇ, ಆದರೆ ಅಡಗು ಎಂದ ಮೇಲೆ ಏಳು ಎಂದರೆ ಯಾವ ಮಗುವಿಗಾದರೂ ಅನ್ನಿಸುವುದು ಏಳು ಗಂಟೆ ಎಂದೇ. ಅವರು ಎರಡು ಸಲ ತಮ್ಮಷ್ಟಕ್ಕೆ ತುಟಿಯಲ್ಲಾಡಿಸಿದರು. ಆಮೇಲೆ ಎದ್ದು ನನ್ನ ಮಗಳ ಕೈಗೆ ಬಿಸ್ಕೆಟ್ ಕೊಟ್ಟು, ಬಾಗಿಲವರೆಗೆ ಬಂದು, ನಮ್ಮನ್ನು ಕಳಿಸಿಕೊಟ್ಟರು.

ಮನೆಗೆ ಬಂದು ಹೆಂಡತಿ ಶೈಲಾಗೆ ಇದನ್ನು ಜಂಬದಿಂದಲೇ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಆಚೆ ಬಂದಳು.

“ನಿಮ್ಗ್ಯಾಕ್ರೀ ಬೇಕಿತ್ತು ಅದು? ಅವ್ರೇನು ನಿಮ್ ಹತ್ರ ಅರ್ಥ ಕೇಳಿದ್ರಾ?”

ಆಗ ನನಗೆ ನಾನು ಮಾಡಿದ್ದೇನೆಂದು ಹೊಳೆಯಿತು.

ಮುಂದಿನ ಶನಿವಾರ ಪಾಠವಿರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಟೀಚರ್ ಹಾಸಿಗೆ ಹಿಡಿದರು. ಡಾಕ್ಟರು ಎದೆ ದುರ್ಬಲವಾಗಿದೆ, ಆಸ್ಪತ್ರೆಗೆ ಸೇರಿಸಿ ಎಂದರೂ ಅವರು ಒಪ್ಪಲಿಲ್ಲ. ವಾಂಜಿರು ಮಾಡಿಕೊಟ್ಟ ಗಂಜಿಯನ್ನು ಎರಡು ಚಮಚ ಕುಡಿದು ಮುಖ ತಿರುಗಿಸುತ್ತಿದ್ದರು. ನಾನು ವಾರಕ್ಕೆರಡು ಸಲ ಹೋಗಿ ಕೂರುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ, ಟೀಚರ್, ನಾನು ಹೇಳಿದ್ದು ಬರೀ ಊಹೆ, ನಿಮಗೆ ಕೇಳಿಸಿದ್ದೇ ಸರಿ ಇರಬಹುದು ಎಂದೆ.

“ಊಹೆ ಅಲ್ಲ. ನಿಮ್ಮದು ಸರಿ ಉಂಟು,” ಎಂದರು. ಹೊದಿಕೆಯಿಂದ ಕೈ ತೆಗೆದು ಒಂದು ದಿಕ್ಕಿಗೆ ಚಾಚಿದರು. “ಅಪ್ಪ ಕೈ ಮಾಡಿದ್ದು ಹೀಗೆ. ಗೋಣಿಚೀಲದ ಪಕ್ಕದಲ್ಲೇ ಮೇಸ್ತ್ರಿಯ ಶೆಡ್ಡು. ಹತ್ತು ಹೆಜ್ಜೆ ಇಲ್ಲ. ನಾನು ಏಳು ಗಂಟೆಯವರೆಗೆ ಅವನ ಕೆಮ್ಮು ಕೇಳ್ತಾ ಕೂತಿದ್ದೆ ಮಾರಾಯ್ರೆ.”

ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನ್ನಿಸಿತು. ಕ್ಷಮಿಸಿ ಟೀಚರ್ ಎಂದೆ. ತಪ್ಪು ತಿದ್ದಿದವರ ಮೇಲೆ ಟೀಚರಿಗೆ ಕೋಪ ಬರುತ್ತದಾ ಎಂದು ನಗಲು ನೋಡಿದರು. ಆಮೇಲೆ, ಅಪ್ಪ ಹೇಳಿರಬಹುದಾದ ಮಾತನ್ನು ಅವರ ಹಾಗೆಯೇ ಒಮ್ಮೆ ಹೇಳಿ ಎಂದು ಕೇಳಿದರು. ಬೇಡವೆನ್ನಲು ನನಗೆ ಮುಖವಿರಲಿಲ್ಲ. ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ದಿಂಬು ಒದ್ದೆಯಾಯಿತು.

ಈಗ ಆ ದಿನದ ವಿಷಯ. ನವೆಂಬರಿನ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ ಸುಮಾರು. ಕಾರ್ಖಾನೆ ಅರ್ಧ ದಿನ. ಮನೆಗೆ ಬಂದು ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಟೀಚರ ಮನೆಗೆ ಹೋದೆ. ಈ ಸ್ನಾನ, ಒಗೆದ ಬಟ್ಟೆಯ ವಿಷಯವನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ. ಹೊರಗೆ ಒಳ್ಳೆಯ ಬಿಸಿಲು. ಟೀಚರ್ ನಿದ್ದೆಯಲ್ಲಿದ್ದರು. ವಾಂಜಿರು ಅಡಿಗೆಮನೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದಳು. ನಾನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಪೇಪರ್ ಬಿಡಿಸಿದೆ.

ಸ್ವಲ್ಪ ಹೊತ್ತಿಗೆ ಒಂದು ವಾಸನೆ ಬಂತು. ಅಗಸೆ ಎಣ್ಣೆ, ಟರ್ಪೆಂಟೈನ್. ಹಳೆಯ ಕಾಲದ ಪೇಂಟಿನ ವಾಸನೆ, ನಮ್ಮ ಪ್ರೊಫೆಸರು ಪಾಠಕ್ಕೆಂದು ಒಮ್ಮೆ ಮಾಡಿ ತೋರಿಸಿದಾಗ ಮೂಸಿದ್ದು ಬಿಟ್ಟರೆ ಕೆಲಸದಲ್ಲಿ ಎಂದೂ ಸಿಕ್ಕಿದ್ದಲ್ಲ. ನನಗೆ ಹೆದರಿಕೆ ಏನೂ ಆಗಲಿಲ್ಲ, ಕಸುಬಿನವನ ಕುತೂಹಲ ಅಷ್ಟೇ. ಯಾರೋ ಪಕ್ಕದಲ್ಲಿ ಕಿಟಕಿಗೆ ಬಣ್ಣ ಹೊಡೆಸುತ್ತಿರಬೇಕೆಂದು ಎದ್ದು ಹೋದೆ. ವಾಂಜಿರುವೂ ಅಡಿಗೆಮನೆಯಿಂದ ಮೂಗು ಮುಚ್ಚಿಕೊಂಡು ಬಂದು ‘ರಂಗಿ?’ ಎಂದಳು. ಸ್ವಾಹಿಲಿಯಲ್ಲಿ ಬಣ್ಣಕ್ಕೆ ಹಾಗೆನ್ನುತ್ತಾರೆ. ಮೆಟ್ಟಿಲಿಳಿದು ಕೆಳಗಿನ ಕಾವಲುಗಾರನನ್ನು ಕೇಳಿದೆ. ಈ ತಿಂಗಳೆಲ್ಲ ಕಟ್ಟಡದಲ್ಲಿ ಯಾವ ಕೆಲಸವೂ ನಡೆದಿಲ್ಲ ಎಂದ. ಮೆಟ್ಟಿಲಲ್ಲಿ ವಾಸನೆಯೂ ಇರಲಿಲ್ಲ. ಫ್ಲ್ಯಾಟಿನ ಬಾಗಿಲು ದಾಟಿದರೆ ಮಾತ್ರ ಇತ್ತು, ಮೊದಲಿಗಿಂತ ಹೆಚ್ಚಾಗಿತ್ತು.

ಕೋಣೆಯ ಬಾಗಿಲಿಗೆ ಬಂದಾಗ ಟೀಚರ್ ಎದ್ದು ಕೂತಿದ್ದರು. ವಾರದಿಂದ ಇಬ್ಬರು ಹಿಡಿದರೂ ಏಳಲಾಗದಿದ್ದ ಹೆಂಗಸು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಕಿಟಕಿಯ ಕಡೆಗೆ ಮುಖವೆತ್ತಿ, ಗಟ್ಟಿಯಾಗಿ ಹೇಳಿದರು.

“ಮೇಸ್ತ್ರಿಗೇಳ್ದೆ ಅಪ್ಪಾ! ಅಡಗು ಒಂಟೋಯ್ತು ಅಂತ ಏಳ್ದೆ!”

ಹೊಟ್ಟೆಯಿಂದ ಹ ಹೇಳಿಸುತ್ತಿದ್ದ ಟೀಚರ ಬಾಯಲ್ಲಿ ಒಂದೂ ಹಕಾರವಿರಲಿಲ್ಲ. ನಮ್ಮ ಊರಿನ ಕೆರೆ ಏರಿಯ ಮೇಲೆ ಯಾವುದೋ ಹುಡುಗಿ ಕೂಗಿದ ಹಾಗಿತ್ತು. ಆಮೇಲೆ ಅವರೇ ಮೆಲ್ಲಗೆ ಒರಗಿಕೊಂಡು ಕಣ್ಣು ಮುಚ್ಚಿದರು. ನನ್ನ ಹಿಂದೆ ಬಂದಿದ್ದ ವಾಂಜಿರು ಹೊದಿಕೆ ಸರಿಮಾಡಲು ಬಗ್ಗಿದವಳು ‘ಮ್ವಾಲಿಮು’ ಎಂದು ಗಾಬರಿಯಿಂದ ಅಂದಳು. ಟೀಚರನ್ನು ಅವಳು ಕರೆಯುತ್ತಿದ್ದುದೇ ಹಾಗೆ. ಅವರ ಬಿಳಿಗೂದಲ ಮೇಲೆ, ಬೈತಲೆಯ ಎಡಕ್ಕೆ, ಮೂರು ಬೆರಳಿನಷ್ಟು ಅಗಲದ ಬೂದುಬಣ್ಣದ ಗುರುತಿತ್ತು. ಯಾರೋ ಬಣ್ಣದ ಕೈಯಲ್ಲಿ ತಲೆ ಸವರಿದ ಹಾಗೆ. ಮುಟ್ಟಿದೆ. ಬಣ್ಣ ಹಸಿಯಾಗಿತ್ತು.

ವಾಂಜಿರು ಸೀಮೆಎಣ್ಣೆಯ ಬಟ್ಟೆ ತಂದು ಒರೆಸುವ ಮುಂಚೆ ಒಂದಿಷ್ಟನ್ನು ಮಾತ್ರೆಯ ಖಾಲಿ ಬಾಟಲಿಯ ಗಾಜಿಗೆ ಹಚ್ಚಿ ಜೇಬಿಗಿಟ್ಟುಕೊಂಡೆ. ಅಂಥ ಹೊತ್ತಿನಲ್ಲೂ ನಾನು ಮಾಡಿದ್ದು ಅದನ್ನೇ.

ಟೀಚರ್ ಮತ್ತೆ ಏಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಆರರ ಹೊತ್ತಿಗೆ ಉಸಿರು ನಿಂತಿತೆಂದು ವಾಂಜಿರು ಫೋನ್ ಮಾಡಿದಳು. ಅವರಿಗೆ ನೆಂಟರೆಂದು ಯಾರೂ ಇರಲಿಲ್ಲ, ಚಿತೆಗೆ ಬೆಂಕಿ ಇಟ್ಟವನು ನಾನೇ. ಶೈಲಾ, ವಾಂಜಿರು, ಟೀಚರ ಹತ್ತಾರು ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ವಾಂಜಿರು ‘ಪೋಲೆ, ಪೋಲೆ’ ಎಂದು ನನ್ನ ತೋಳು ಸವರಿ ಸಮಾಧಾನ ಹೇಳಿದಳು. ನಾನು ಏನು ಮಾಡಿದ್ದೆನೆಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಕೈ ಹಿಡಿದುಕೊಂಡು ಎಲ್ಲರೆದುರು ಅತ್ತೆ.

ಸೋಮವಾರ ಲ್ಯಾಬಿನಲ್ಲಿ ಬಾಗಿಲು ಹಾಕಿಕೊಂಡು ಆ ಗಾಜನ್ನು ಪರೀಕ್ಷಿಸಿದೆ. ಬಣ್ಣ ಇನ್ನೂ ಅಂಟಂಟಾಗಿತ್ತು. ಒಂದು ಚೂರಿನ ಮೇಲೆ ಸಲ್ಫೈಡ್ ದ್ರಾವಣ ಬಿಟ್ಟೆ, ಕಣ್ಣೆದುರೇ ಕಪ್ಪಾಯಿತು. ಸೀಸ. ಅಗಸೆ ಎಣ್ಣೆಯಲ್ಲಿ ಸೀಸದ ಬಿಳಿ ಅರೆದು, ದೀಪದ ಮಸಿ ಬೆರೆಸಿ ಮಾಡಿದ ಬೂದುಬಣ್ಣ. ನಮ್ಮ ಕಾರ್ಖಾನೆಯಲ್ಲಿ ಅಂಥದ್ದನ್ನು ಎಂದೂ ಮಾಡಿಲ್ಲ, ಆ ಸಾಮಾನೂ ನಮ್ಮಲ್ಲಿಲ್ಲ. ನನ್ನ ಬಟ್ಟೆಯಿಂದ ಬಂತು ಎನ್ನುವ ಹಾಗಿಲ್ಲ. ಹಳೆಯ ಕಿಟಕಿಯಿಂದಲೋ ಬೀರುವಿನಿಂದಲೋ ಕೆರೆದು ಬಂದಿದ್ದರೆ ಹಸಿಯಾಗಿರುತ್ತಿರಲಿಲ್ಲ. ಅವರು ಆಡಿದ ಮಾತಿಗೆ ಬೇಕಾದರೆ ಕಾರಣ ಹೇಳಬಹುದು, ಅದನ್ನು ಕಲಿಸಿದವನು ನಾನೇ. ಬಣ್ಣಕ್ಕೆ ಹೇಳಲಾರೆ. ಇಪ್ಪತ್ತು ವರ್ಷದಿಂದ ಯೋಚಿಸಿದ್ದೇನೆ, ಗೊತ್ತಿರುವವರನ್ನು ಕೇಳಿದ್ದೇನೆ. ಕೆಲವರು ನಾನು ಹಿಂದೆ ಕೇಳುತ್ತಿದ್ದಂಥ ಕೊಂಕು ಪ್ರಶ್ನೆಗಳನ್ನೇ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು ಆ ಬಣ್ಣವಲ್ಲ. ಅಪ್ಪನಿಗೆ ಕೂಗಿ ಹೇಳಿದ ಮೇಲೆ ಟೀಚರ್ ತಕ್ಷಣ ಒರಗಲಿಲ್ಲ. ಎರಡು ಮೂರು ಉಸಿರಿನಷ್ಟು ಹೊತ್ತು ಮುಖವೆತ್ತಿಕೊಂಡೇ ಇದ್ದರು, ಆ ಕಡೆಯಿಂದ ಬರುವ ಉತ್ತರಕ್ಕೆ ಕಾಯುವವರ ಹಾಗೆ. ನನಗೆ ಏನೂ ಕೇಳಿಸಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಮೇಸ್ತ್ರಿಗೆ ಹೇಳಿದ್ದಾಯಿತು, ಸರಿ. ಮೇಸ್ತ್ರಿ ಎದ್ದನೇ? ದೋಣಿ ಹೊರಟಿತೇ? ಅಪ್ಪನನ್ನು ಇಳಿಸಿಕೊಂಡಿತೇ? ನಾನು ಬಾಗಿಲಲ್ಲೇ ಇದ್ದೆ, ನಾಲ್ಕು ಹೆಜ್ಜೆ ದೂರ. ದೋಣಿ ಹೋಯ್ತಾ ಟೀಚರ್ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.